ಕೊಡುವ ಓಲೆ, ಕೇಳುವ ಓಲೆ: ಇಮೇಲ್ ಮಾರಾಟದ ಚರಿತ್ರೆಯಲ್ಲಿ ಓದುಗರ ‘ಬೇಡ’

 

ಕನ್ನಡ ಎಂ.ಎ. ಓದುವವಳು ಇಮೇಲ್ ಮಾರ್ಕೆಟಿಂಗ್ ಬಗ್ಗೆ ಯಾಕೆ ಮಾತಾಡ್ತಾಳೆ ಅಂತ ಕೆಲವರಿಗೆ ಅನ್ನಿಸಬಹುದು. ಪತ್ರ ಎನ್ನುವುದನ್ನು ನಾವು ಒಂದು ಬರವಣಿಗೆಯ ಪ್ರಕಾರ ಅಂತಲೇ ಓದುತ್ತೇವೆ. ಅದಕ್ಕೆ ಬರೆದವರು ಇದ್ದಾರೆ, ಓದುವವರು ಇದ್ದಾರೆ, ಸಂಬೋಧನೆ ಉಂಟು, ಒಕ್ಕಣೆ ಉಂಟು, ಕೊನೆಗೊಂದು ಸಹಿ ಉಂಟು. ನಮ್ಮ ಕಾಲದಲ್ಲಿ ಅತಿ ಹೆಚ್ಚು ಬರೆಯಲ್ಪಡುವ ಪತ್ರ ಯಾವುದು ಅಂತ ನೋಡಿದರೆ, ಗೆಳೆಯರದ್ದಲ್ಲ, ಮನೆಯವರದ್ದೂ ಅಲ್ಲ, ವ್ಯಾಪಾರಿಯ ಪತ್ರ. ಹಾಗಿರುವಾಗ ಅದಕ್ಕೂ ಒಂದು ಚರಿತ್ರೆ ಬರೆಯಬೇಕಲ್ಲ.

ಇಂಥ ಪತ್ರದಲ್ಲಿ ಎರಡು ಬಗೆಯ ಮಾತುಗಳು ಇರುತ್ತವೆ. ಓದುವವರಿಗೆ ಏನಾದರೂ ಕೊಡುವ ಮಾತು ಒಂದು: ಸಲಹೆ, ಸುದ್ದಿ, ಲೆಕ್ಕ, ವಿಳಾಸ. ಓದುವವರಿಂದ ಏನಾದರೂ ಕೇಳುವ ಮಾತು ಇನ್ನೊಂದು: ಕೊಳ್ಳಿ, ಸೇರಿ, ಹಣ ಕಟ್ಟಿ. ಮೊದಲನೆಯದನ್ನು ಉಪಯೋಗದ ಮಾತು, ಎರಡನೆಯದನ್ನು ಮಾರಾಟದ ಮಾತು ಅಂತ ಕರೆಯುತ್ತೇನೆ. ಇವೆರಡರ ಪ್ರಮಾಣ ಎಷ್ಟಿರಬೇಕು ಎಂಬ ಪ್ರಶ್ನೆಗೆ ಮಾರ್ಕೆಟಿಂಗ್ ಕಲಿಸುವವರು ಲೆಕ್ಕದಲ್ಲಿ ಉತ್ತರ ಹೇಳುವುದುಂಟು: ನಾಲ್ಕು ಪತ್ರ ಉಪಯೋಗದ್ದು, ಒಂದು ಮಾರಾಟದ್ದು; ಇಲ್ಲವೆ ನೂರರಲ್ಲಿ ಎಂಬತ್ತು, ಇಪ್ಪತ್ತು. ಚರಿತ್ರೆಯನ್ನು ನೋಡಿದರೆ ಈ ಲೆಕ್ಕ ನಿಲ್ಲುವುದಿಲ್ಲ ಎನ್ನುವುದು ಈ ಪ್ರಬಂಧದ ವಾದ. ಒಂದೇ ವಾಕ್ಯ ಒಬ್ಬರಿಗೆ ಉಪಯೋಗ, ಇನ್ನೊಬ್ಬರಿಗೆ ಕಿರಿಕಿರಿ ಆಗಬಹುದು. ಅದನ್ನು ತೀರ್ಮಾನಿಸುವವರು ಓದುವವರೇ. ಹಾಗಾಗಿ ‘ಬೇಡ’ ಎಂಬ ಓದುಗರ ಮಾತು ಬರೆದವರಿಗೆ ಮುಟ್ಟುತ್ತದಾ, ಮುಟ್ಟಿದರೆ ಅವರಿಗೆ ಅದರಿಂದ ನಷ್ಟ ಆಗುತ್ತದಾ? ಈ ಎರಡು ಪ್ರಶ್ನೆಗಳ ಮೇಲೆಯೇ ಸಮತೋಲ ನಿಂತಿದೆ. ಕಾಲಕ್ರಮದಲ್ಲಿ ನೋಡೋಣ.

ಅಂಚೆಯ ಕಾಲ: ಕಳುಹಿಸಿದವರ ಖರ್ಚು

ಇಮೇಲಿಗಿಂತ ಮೊದಲು ಮಾರಾಟದ ಕಾಗದಕ್ಕೆ ಹಣ ಬೇಕಿತ್ತು. ಕಾಗದ, ಅಚ್ಚು, ಅಂಚೆ, ಮೂರೂ ಕಳುಹಿಸುವವರ ಖರ್ಚು. ಓದದೆ ಬಿಸಾಡಿದರೆ ನಷ್ಟ ಅವರಿಗೇ. ಆದ್ದರಿಂದ ಓದಿಸಿಕೊಳ್ಳುವ ಹಾಗೆ ಬರೆಯಬೇಕಾದ ಒತ್ತಡ ಇತ್ತು.

ಅಮೆರಿಕದಲ್ಲಿ ನೇಗಿಲು ಮತ್ತು ಕೃಷಿ ಸಲಕರಣೆ ಮಾಡುವ ಜಾನ್ ಡಿಯರ್ ಕಂಪನಿ 1895ರಲ್ಲಿ ‘ದಿ ಫರೋ’ ಎಂಬ ಪತ್ರಿಕೆ ಶುರುಮಾಡಿತು. ಫರೋ ಅಂದರೆ ನೇಗಿಲ ಸಾಲು. ಅದು ರೈತರಿಗೆ ಬೇಸಾಯದ ವಿಷಯ ಹೇಳುವ ಪತ್ರಿಕೆಯಾಗಿ ಬೆಳೆಯಿತು, ಇಂದಿಗೂ ಬರುತ್ತಿದೆ. ಫ್ರಾನ್ಸಿನ ಮಿಶೆಲಿನ್ ಸೋದರರ ಕತೆ ಇನ್ನೂ ಪ್ರಸಿದ್ಧ. ಟೈರ್ ಮಾರುವ ಅವರು 1900ರಲ್ಲಿ ಕಾರಿನವರಿಗಾಗಿ ಒಂದು ಕೈಪಿಡಿ ಅಚ್ಚು ಹಾಕಿಸಿ ಬಿಟ್ಟಿಯಾಗಿ ಹಂಚಿದರು. ಸುಮಾರು 35,000 ಪ್ರತಿ. ಇಡೀ ಫ್ರಾನ್ಸಿನಲ್ಲಿ ಆಗ ಕಾರುಗಳೇ ಕೆಲವು ಸಾವಿರ ಮಾತ್ರ. ಟೈರ್ ಬದಲಾಯಿಸುವುದು ಹೇಗೆ, ರಿಪೇರಿಯವರು ಎಲ್ಲಿ ಸಿಗುತ್ತಾರೆ, ಎಲ್ಲಿ ಉಳಿಯಬಹುದು, ಇದೆಲ್ಲ ಅದರಲ್ಲಿತ್ತು. ಜನ ಹೆಚ್ಚು ಓಡಾಡಿದರೆ ಟೈರ್ ಹೆಚ್ಚು ಸವೆಯುತ್ತದೆ, ಇಷ್ಟೇ ವ್ಯಾಪಾರದ ಲೆಕ್ಕ. 1920ರಲ್ಲಿ ಆ ಕೈಪಿಡಿಗೆ ಬೆಲೆ ಇಟ್ಟರು. ಗ್ಯಾರೇಜೊಂದರಲ್ಲಿ ಕೆಲಸದ ಮೇಜಿನ ಕಾಲಿಗೆ ಆಸರೆಯಾಗಿ ತಮ್ಮ ಪುಸ್ತಕಗಳನ್ನೇ ಇಟ್ಟದ್ದನ್ನು ಆಂದ್ರೆ ಮಿಶೆಲಿನ್ ಕಂಡರು, ಅದಕ್ಕೇ ಬೆಲೆ ಇಟ್ಟದ್ದು ಅಂತ ಕಂಪನಿಯೇ ಹೇಳುವ ಕತೆ ಉಂಟು. ಕತೆ ಎಷ್ಟು ನಿಜವೋ, ಅದರ ಒಳಗಿನ ತಿಳಿವಳಿಕೆ ನಿಜ: ಬಿಟ್ಟಿ ಕೊಟ್ಟದ್ದೆಲ್ಲ ಉಪಯೋಗಕ್ಕೆ ಬಂತು ಅಂತ ಕೊಟ್ಟವರು ತಿಳಿದುಕೊಳ್ಳಬಾರದು.

ನಮ್ಮಲ್ಲಿಯೂ ಇದಕ್ಕೆ ಹೋಲುವ ಅನುಭವ ಉಂಟು. ಭಾರತದ ಅಂಚೆ ಇಲಾಖೆ 1877ರಲ್ಲಿ ವಿ.ಪಿ.ಪಿ. ವ್ಯವಸ್ಥೆ ತಂದಿತು. ಪುಸ್ತಕ ಅಂಚೆಯಲ್ಲಿ ಬರುತ್ತದೆ, ಹಣ ಕೊಟ್ಟು ಬಿಡಿಸಿಕೊಳ್ಳಬೇಕು. ಬೇಡವಾದರೆ ಬಿಡಿಸಿಕೊಳ್ಳದೆ ಇರಬಹುದು. ಆಗ ಕಟ್ಟು ವಾಪಸ್ ಹೋಗುತ್ತದೆ, ಅಂಚೆಯ ಖರ್ಚು ಪ್ರಕಾಶಕರ ತಲೆಗೆ. ಹಳೆಯ ಕನ್ನಡ ಪ್ರಕಾಶಕರ ಜಾಹೀರಾತುಗಳನ್ನು ನೋಡಿದವರಿಗೆ ‘ವಿ.ಪಿ. ಮೂಲಕ ಕಳಿಸಲಾಗುವುದು’ ಎಂಬ ಬಗೆಯ ಸಾಲು ಹೊಸದಲ್ಲ. ಓದುಗರ ‘ಬೇಡ’ಕ್ಕೆ ಅಲ್ಲಿ ಖಚಿತವಾದ ಬೆಲೆ ಇತ್ತು.

ಇನ್ನೂ ಹತ್ತಿರದ ಉದಾಹರಣೆ ಗಳಗನಾಥರದ್ದು. ವೆಂಕಟೇಶ ತಿರಕೋ ಕುಲಕರ್ಣಿ, 1869ರಿಂದ 1942ರವರೆಗೆ ಬದುಕಿದವರು. ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ನಡೆಸಿದರು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಮುಂಬಯಿ ಪ್ರಾಂತದ ಆ ಭಾಗದಲ್ಲಿ ಓದು ಬರಹ ಬಲ್ಲ ಎಷ್ಟೋ ಕನ್ನಡಿಗರು ಮರಾಠಿಯಲ್ಲಿ ಓದುತ್ತಿದ್ದ ಕಾಲ ಅದು. ಇದನ್ನು ತ್ಯಾಗದ ಕತೆ ಅಂತ ಮಾತ್ರ ನಾವು ಹೇಳಿಕೊಂಡು ಬಂದಿದ್ದೇವೆ. ಮಾರಾಟದ ಕತೆ ಅಂತಲೂ ಒಮ್ಮೆ ನೋಡಬೇಕು. ಮನೆ ಬಾಗಿಲಲ್ಲಿ ನಿಂತ ಲೇಖಕರಿಗೆ ಓದುಗರ ಮುಖ ಕಾಣುತ್ತದೆ. ಬೇಕು ಅನ್ನುವುದೂ ಬೇಡ ಅನ್ನುವುದೂ ಕೂಡಲೇ ಕೇಳುತ್ತದೆ. ಬೇಡ ಅಂದ ಮನೆಯ ಭಾರವನ್ನು ಮುಂದಿನ ಊರಿನವರೆಗೆ ಹೆಗಲೇ ಹೊರಬೇಕು.

1975, 1978: ತಿರಸ್ಕರಿಸಲಾಗದ ಪತ್ರ

ಈಗ ಇಮೇಲಿಗೆ ಬರೋಣ. ಅಮೆರಿಕದ ರಕ್ಷಣಾ ಇಲಾಖೆಯ ಹಣದಲ್ಲಿ ಬೆಳೆದ ಅರ್ಪಾನೆಟ್ ಎಂಬ ಜಾಲದಲ್ಲಿ ವಿಶ್ವವಿದ್ಯಾಲಯಗಳ, ಸಂಶೋಧನಾಲಯಗಳ ಕಂಪ್ಯೂಟರುಗಳು ಸೇರಿದ್ದವು. 1975ರ ನವೆಂಬರಿನಲ್ಲಿ ಜಾನ್ ಪೋಸ್ಟೆಲ್ ಎಂಬ ಕಂಪ್ಯೂಟರ್ ವಿಜ್ಞಾನಿ ಒಂದು ಚಿಕ್ಕ ಟಿಪ್ಪಣಿ ಬರೆದರು. ಆರ್‌ಎಫ್‌ಸಿ 706 ಎಂಬುದು ಅದರ ಸಂಖ್ಯೆ, ವಿಷಯ ಬೇಡದ ಅಂಚೆ. ತನಗೆ ಬೇಡದ ಸಂದೇಶವನ್ನು ಆರಿಸಿ ನಿರಾಕರಿಸುವ ದಾರಿ ಈ ಜಾಲದಲ್ಲಿ ಇಲ್ಲ ಎನ್ನುವುದು ಅವರ ಆತಂಕ. ಮಾರಾಟದ ಇಮೇಲ್ ಇನ್ನೂ ಹುಟ್ಟಿರಲಿಲ್ಲ. ಪತ್ರ ಬರುವ ಮೊದಲೇ ‘ಬೇಡ’ ಎನ್ನುವ ಮಾತಿಗೆ ಜಾಗ ಇಲ್ಲದ್ದನ್ನು ಅವರು ಗುರುತಿಸಿದ್ದರು.

ಮೂರು ವರ್ಷ ಕಳೆಯುವುದರೊಳಗೆ ಆ ಪತ್ರ ಬಂತು. 1978ರ ಮೇ ತಿಂಗಳ ಆರಂಭದಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಮಾರುಕಟ್ಟೆ ವಿಭಾಗದ ಗ್ಯಾರಿ ಥರ್ಕ್ ಸುಮಾರು 400 ಜನರಿಗೆ ಒಂದೇ ಸಂದೇಶ ಕಳುಹಿಸಿದರು. ಅರ್ಪಾನೆಟ್ ಬಳಕೆದಾರರ ಅಚ್ಚಾದ ವಿಳಾಸ ಪುಸ್ತಕದಿಂದ ಅಮೆರಿಕದ ಪಶ್ಚಿಮ ಭಾಗದವರ ವಿಳಾಸಗಳನ್ನು ಎತ್ತಿಕೊಂಡಿದ್ದರು. ಕಂಪನಿಯ ಹೊಸ ಕಂಪ್ಯೂಟರುಗಳ ಪ್ರದರ್ಶನ ಕ್ಯಾಲಿಫೋರ್ನಿಯಾದಲ್ಲಿ ನಡೆಯುತ್ತದೆ, ಬನ್ನಿ ಅಂತ ಆಹ್ವಾನ. ವಿಳಾಸಗಳು ಎಷ್ಟಿದ್ದವು ಅಂದರೆ ಅದಕ್ಕೆಂದು ಇಟ್ಟ ಜಾಗದಲ್ಲಿ ಹಿಡಿಸದೆ ಉಳಿದವು ಪತ್ರದ ಒಡಲಿಗೇ ಬಂದು ಬಿದ್ದವು. ಓದುವವರು ಮೊದಲು ಬೇರೆಯವರ ವಿಳಾಸಗಳ ಸಾಲು ದಾಟಿ ವಿಷಯಕ್ಕೆ ಬರಬೇಕಾಯಿತು. ದೂರುಗಳು ಬಂದವು. ಸರಕಾರಿ ಕೆಲಸಕ್ಕೆ ಮೀಸಲಾದ ಜಾಲವನ್ನು ಹೀಗೆ ಬಳಸಿದ್ದು ನಿಯಮದ ಉಲ್ಲಂಘನೆ ಅಂತ ಅಧಿಕಾರಿಗಳು ಸಿಟ್ಟಾದರು.

ಇದನ್ನು ಮೊದಲ ಸ್ಪ್ಯಾಮ್ ಅಂತ ಎಲ್ಲರೂ ಬರೆಯುತ್ತಾರೆ. ಇದೇ ಪತ್ರದಿಂದ 1 ಕೋಟಿ 30 ಲಕ್ಷ ಡಾಲರಿನಷ್ಟು ಮಾರಾಟ ಆಯಿತು ಅಂತ ಥರ್ಕ್ ಮುಂದೆ ಹೇಳಿಕೊಂಡರು. ಲೆಕ್ಕ ಅವರದ್ದೇ, ಸ್ವಲ್ಪ ಕಡಿಮೆ ಮಾಡಿಯೇ ನಂಬೋಣ. ಆದರೂ ಕೆಲವರು ಪ್ರದರ್ಶನಕ್ಕೆ ಹೋಗಿ ಯಂತ್ರ ಕೊಂಡಿದ್ದಾರೆ ಅಂತ ಇಟ್ಟುಕೊಳ್ಳಿ. ಆ ಯಂತ್ರಗಳಲ್ಲಿ ಅರ್ಪಾನೆಟ್ ಸಂಪರ್ಕದ ಸೌಲಭ್ಯ ಇತ್ತು; ಅದನ್ನೇ ಹುಡುಕುತ್ತಿದ್ದ ಪ್ರಯೋಗಾಲಯಕ್ಕೆ ಈ ಪತ್ರ ಸುದ್ದಿ, ಉಳಿದವರಿಗೆ ಕಸ. ಪತ್ರದ ಒಕ್ಕಣೆಯಲ್ಲಿ ಒಂದಕ್ಷರವೂ ಬೇರೆ ಇಲ್ಲ. ಆದ್ದರಿಂದ ಇದರಲ್ಲಿ ಉಪಯೋಗದ ಮಾತು ಎಷ್ಟು ಪಾಲು ಅಂತ ಪಠ್ಯವನ್ನು ಮಾತ್ರ ಅಳೆದರೆ ಉತ್ತರ ಸಿಗುವುದಿಲ್ಲ. 400 ಜನರಲ್ಲಿ ಯಾರಿಗೆ ಅದು ಬೇಕಿತ್ತು ಅಂತ ಕೇಳಬೇಕು. ಕಳುಹಿಸಿದವರಿಗೆ ಹಾಗೆ ಕೇಳುವ ಅಗತ್ಯವೇ ಬೀಳಲಿಲ್ಲ, ಯಾಕೆಂದರೆ 40 ಜನರಿಗೆ ಕಳಿಸುವುದಕ್ಕೂ 400 ಜನರಿಗೆ ಕಳಿಸುವುದಕ್ಕೂ ಖರ್ಚಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಗಳಗನಾಥರ ಹೆಗಲ ಭಾರ ಇಲ್ಲಿ ಮಾಯವಾಯಿತು.

1994, 1996: ವೇಷ ಮತ್ತು ಸಹಿ

ಭಾರ ಮಾಯವಾದ ಮೇಲೆ ಎರಡು ದಾರಿಗಳು ಕಾಣಿಸುತ್ತವೆ. ಮೊದಲನೆಯದು ಮಾರಾಟದ ಮಾತಿಗೆ ಉಪಯೋಗದ ವೇಷ ಹಾಕಿಸುವುದು. 1994ರ ಏಪ್ರಿಲಿನಲ್ಲಿ ಅರಿಜೋನಾದ ಕ್ಯಾಂಟರ್ ಮತ್ತು ಸೀಗಲ್ ಎಂಬ ವಕೀಲ ದಂಪತಿ ಯೂಸ್‌ನೆಟ್ ಎಂಬ ಚರ್ಚಾ ಜಾಲದ ಸಾವಿರಾರು ಗುಂಪುಗಳಿಗೆ ಒಂದೇ ಸಂದೇಶ ಹಾಕಿದರು. ಅದು ಇಮೇಲ್ ಅಲ್ಲ, ಅದರ ನೆರೆಮನೆ. ಅಮೆರಿಕದ ಗ್ರೀನ್ ಕಾರ್ಡ್ ಲಾಟರಿಯ ವಿಷಯ: ಯಾವ ದೇಶದವರು ಸೇರಬಹುದು, ಅವಧಿ ಹತ್ತಿರ ಬಂದಿದೆ, ಹೀಗೆ ಮಾಹಿತಿಯ ಧಾಟಿ. ವಲಸೆ ಹೋಗಬೇಕೆಂದಿದ್ದವರಿಗೆ ಇದಕ್ಕಿಂತ ಬೇಕಾದ ಸುದ್ದಿ ಯಾವುದುಂಟು? ಆದರೆ ಆ ಲಾಟರಿಗೆ ಅರ್ಜಿ ಹಾಕಲು ಸರಕಾರಕ್ಕೆ ಹಣ ಕಟ್ಟಬೇಕಾಗಿಯೇ ಇರಲಿಲ್ಲ. ದಂಪತಿ ಮಾರುತ್ತಿದ್ದದ್ದು ತಮ್ಮ ಶುಲ್ಕದ ಸೇವೆ. ಪಠ್ಯದ ಬಹುಪಾಲು ಮಾಹಿತಿ, ಉದ್ದೇಶದ ಬಹುಪಾಲು ಮಾರಾಟ. ನೂರರಲ್ಲಿ ಎಂಬತ್ತು ಎಂಬ ನಿಯಮದಲ್ಲಿ ಇದು ಉತ್ತೀರ್ಣ ಆಗಿಬಿಡುತ್ತದೆ! ಓದುಗರು ಮಾತ್ರ ಒಪ್ಪಲಿಲ್ಲ. ಸಿಟ್ಟಿನ ಉತ್ತರಗಳ ಪ್ರವಾಹಕ್ಕೆ ಅವರಿಗೆ ಸಂಪರ್ಕ ಕೊಟ್ಟಿದ್ದ ಕಂಪನಿಯ ಯಂತ್ರಗಳೇ ನಿಂತುಹೋದವು.

ಎರಡನೆಯ ದಾರಿ ಹಾಟ್‌ಮೇಲ್‌ನದು. ಇದಕ್ಕೆ ನಮ್ಮ ಕಡೆಯ ಒಂದು ಎಳೆ ಉಂಟು: ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಳೆದದ್ದು ಬೆಂಗಳೂರಿನಲ್ಲಿ. ಜ್ಯಾಕ್ ಸ್ಮಿತ್ ಜೊತೆ 1996ರ ಜುಲೈ 4ರಂದು ಶುರುಮಾಡಿದ ಈ ಸೇವೆಯಲ್ಲಿ ಪ್ರತಿಯೊಬ್ಬರ ಪತ್ರದ ಅಡಿಯಲ್ಲಿ ತಾನಾಗಿಯೇ ಒಂದು ಸಾಲು ಸೇರುತ್ತಿತ್ತು: ನೀವೂ ಹಾಟ್‌ಮೇಲ್‌ನಲ್ಲಿ ಉಚಿತ ಇಮೇಲ್ ಪಡೆಯಿರಿ ಎನ್ನುವ ಅರ್ಥದ್ದು. 1997ರ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಕೊಳ್ಳುವಾಗ 80 ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಪತ್ರದ ಒಡಲೆಲ್ಲ ಗೆಳೆಯರದ್ದು, ಓದುವವರಿಗೆ ಬೇಕಾದದ್ದು. ಮಾರಾಟ ಕೊನೆಯ ಸಾಲಿನಲ್ಲಿ, ಸಹಿಯ ಕೆಳಗೆ, ಮುಚ್ಚುಮರೆ ಇಲ್ಲದೆ. ನಮ್ಮೂರ ಯಕ್ಷಗಾನದ ಕರಪತ್ರ ನೆನಪಿಸಿಕೊಳ್ಳಿ. ಪ್ರಸಂಗ, ಮೇಳ, ಸ್ಥಳ, ಹೊತ್ತು, ಕಲಾವಿದರ ಹೆಸರು ಇಷ್ಟನ್ನು ತಿಳಿಯಲು ಕರಪತ್ರ ಓದುತ್ತೇವೆ. ಅಡಿಯಲ್ಲಿ ಅಂಗಡಿಯವರ ಶುಭಾಶಯ ಇದ್ದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಯಾವುದು ಯಾರ ಮಾತು ಅಂತ ಅಲ್ಲಿ ಗೊಂದಲ ಇಲ್ಲ. ಆದರೂ ಒಂದು ಮಾತು ಸೇರಿಸಬೇಕು: ಹಾಟ್‌ಮೇಲ್‌ನ ಆ ಸಾಲನ್ನು ಸೇರಿಸಲೋ ಬೇಡವೋ ಅಂತ ಪತ್ರ ಬರೆದವರನ್ನು ಯಾರೂ ಕೇಳುತ್ತಿರಲಿಲ್ಲ.

1999ರಿಂದ 2005: ಒಪ್ಪಿಗೆ ಮತ್ತು ಓದು

1999ರಲ್ಲಿ ಸೇತ್ ಗಾಡಿನ್ ‘ಪರ್ಮಿಷನ್ ಮಾರ್ಕೆಟಿಂಗ್’ ಎಂಬ ಪುಸ್ತಕ ಬರೆದರು. ಓದುಗರು ಒಪ್ಪಿಗೆ ಕೊಟ್ಟ ಮೇಲೆ ಮಾತ್ರ ಬರೆಯಬೇಕು, ಅವರು ಕಾಯುತ್ತಿರುವಂಥ ಪತ್ರ ಬರೆಯಬೇಕು ಎನ್ನುವುದು ಅದರ ತಿರುಳು. ಚಂದಾದಾರರು ಎಂಬ ಹಳೆಯ ಪದದಲ್ಲಿ ಇರುವುದೂ ಇದೇ ಅಲ್ವಾ? ಕೇಳಿ ತರಿಸಿಕೊಂಡವರು.

2002ರಲ್ಲಿ ಎರಡು ಘಟನೆಗಳು. ಐರೋಪ್ಯ ಒಕ್ಕೂಟದ ನಿರ್ದೇಶನವೊಂದು ಮಾರಾಟದ ಇಮೇಲಿಗೆ ಮುಂಚಿತ ಒಪ್ಪಿಗೆ ಬೇಕು ಅಂತ ಹೇಳಿತು. ಅದೇ ವರ್ಷ ಪಾಲ್ ಗ್ರಹಾಂ ಎಂಬ ಪ್ರೋಗ್ರಾಮರ್ ಸ್ಪ್ಯಾಮ್ ಸೋಸುವ ಒಂದು ವಿಧಾನ ಪ್ರಕಟಿಸಿದರು. ಒಬ್ಬರು ತಮ್ಮ ಪತ್ರಗಳಲ್ಲಿ ಯಾವುದು ಬೇಕಾದ್ದು, ಯಾವುದು ಬೇಡದ್ದು ಅಂತ ಬೇರೆ ಮಾಡಿಟ್ಟರೆ, ಯಾವ ಪದ ಯಾವ ರಾಶಿಯಲ್ಲಿ ಎಷ್ಟು ಸಲ ಬಂದಿದೆ ಎಂಬ ಸಂಭವನೀಯತೆಯಿಂದ ಯಂತ್ರ ಹೊಸ ಪತ್ರವನ್ನು ತೂಗುತ್ತದೆ. ಪದಕ್ಕೆ ತನ್ನಷ್ಟಕ್ಕೆ ದೋಷ ಇಲ್ಲ. ‘ಸಾಲ’ ಎಂಬ ಪದ ಬ್ಯಾಂಕ್ ನೌಕರರ ಪೆಟ್ಟಿಗೆಯಲ್ಲಿ ನಿರಪರಾಧಿ, ನನ್ನ ಪೆಟ್ಟಿಗೆಯಲ್ಲಿ ಸಂಶಯಾಸ್ಪದ. ಪದದ ಅರ್ಥ ಓದುವವರ ಓದಿನ ಅನುಭವದಿಂದ ಹುಟ್ಟುತ್ತದೆ ಅಂತ ನಾವು ಮೀಮಾಂಸೆಯ ತರಗತಿಯಲ್ಲಿ ಚರ್ಚೆ ಮಾಡುವುದನ್ನು ಅಲ್ಲಿ ಗಣಿತದಲ್ಲಿ ಮಾಡಿ ತೋರಿಸಿದ್ದಾರೆ.

ಅಮೆರಿಕದ ಕ್ಯಾನ್-ಸ್ಪ್ಯಾಮ್ ಕಾಯ್ದೆ 2003ರ ಡಿಸೆಂಬರಿನಲ್ಲಿ ಅಂಗೀಕಾರವಾಗಿ 2004ರ ಜನವರಿ 1ರಿಂದ ಜಾರಿಗೆ ಬಂತು. ಅದು ಮುಂಚಿತ ಒಪ್ಪಿಗೆ ಕೇಳಲಿಲ್ಲ. ಹೊರಗೆ ಹೋಗುವ ಬಾಗಿಲು ಇಡಬೇಕು, ಬೇಡ ಅಂದವರಿಗೆ ಕೆಲಸದ 10 ದಿನಗಳೊಳಗೆ ಕಳಿಸುವುದನ್ನು ನಿಲ್ಲಿಸಬೇಕು, ವಿಷಯದ ಸಾಲಿನಲ್ಲಿ ಮೋಸ ಇರಬಾರದು, ಕಳುಹಿಸಿದವರ ಅಂಚೆ ವಿಳಾಸ ಇರಬೇಕು ಅಂತ ಹೇಳಿತು.

ನಮ್ಮ ವಿಷಯಕ್ಕೆ ಅತಿ ಮುಖ್ಯವಾದದ್ದು ಅದರ ಮುಂದಿನ ಹೆಜ್ಜೆ. ಒಂದೇ ಪತ್ರದಲ್ಲಿ ಎರಡೂ ಬಗೆಯ ಮಾತು ಇದ್ದರೆ ಅದನ್ನು ಮಾರಾಟದ ಪತ್ರ ಅನ್ನಬೇಕಾ ಬೇಡವಾ? 2005ರಲ್ಲಿ ಜಾರಿಗೆ ಬಂದ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ ಇದಕ್ಕೆ ಉತ್ತರ ಹೇಳುವಾಗ ಶೇಕಡಾ ಲೆಕ್ಕ ಹಾಕಲಿಲ್ಲ. ವಿಷಯದ ಸಾಲನ್ನು ಸಹಜವಾಗಿ ಓದಿದವರು ಇದು ಜಾಹೀರಾತು ಅಂತ ತಿಳಿಯುತ್ತಾರಾ? ಒಡಲನ್ನು ಓದಿದವರು ಇದರ ಮುಖ್ಯ ಉದ್ದೇಶ ಮಾರಾಟ ಅಂತ ತಿಳಿಯುತ್ತಾರಾ? ಮಾರಾಟದ ಮಾತು ಮೊದಲಿಗೇ ಬಂದಿದೆಯಾ, ಎಷ್ಟು ಭಾಗ ಹಿಡಿದಿದೆ, ಬಣ್ಣ, ಚಿತ್ರ, ಅಕ್ಷರದ ಗಾತ್ರದಿಂದ ಅದನ್ನು ಎದ್ದು ಕಾಣುವಂತೆ ಮಾಡಿದ್ದಾರಾ? ಪಾಲು ಎಷ್ಟು ಎನ್ನುವುದು ಹಲವು ಲಕ್ಷಣಗಳಲ್ಲಿ ಒಂದು ಮಾತ್ರ. ಕೊನೆಯ ಪ್ರಮಾಣ ಓದುವವರ ಗ್ರಹಿಕೆ. ಕಾನೂನು ಇಲ್ಲಿ ಸಾಹಿತ್ಯ ವಿಮರ್ಶೆಯ ಕೆಲಸಕ್ಕೆ ಕೈಹಾಕಿದೆ: ಶೀರ್ಷಿಕೆಯನ್ನು ಓದು, ಆರಂಭವನ್ನು ಓದು, ವಿನ್ಯಾಸವನ್ನು ಓದು, ಆಮೇಲೆ ಉದ್ದೇಶವನ್ನು ಹೇಳು ಅಂತ.

ಪೆಟ್ಟಿಗೆಯ ಕಾವಲು

ಕಾನೂನಿಗಿಂತ ಬಿಗಿಯಾದ ಕಾವಲು ಆಮೇಲೆ ಬಂದದ್ದು ಅಂಚೆಪೆಟ್ಟಿಗೆ ಕೊಡುವ ಕಂಪನಿಗಳಿಂದ. 2013ರಲ್ಲಿ ಜಿಮೇಲ್ ಪತ್ರಗಳನ್ನು ವಿಂಗಡಿಸಿ ಮಾರಾಟದವನ್ನು ‘ಪ್ರಮೋಷನ್ಸ್’ ಎಂಬ ಬೇರೆ ಅಂಕಣಕ್ಕೆ ತಳ್ಳಿತು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಕಳುಹಿಸುವವರಿಗೆ ಹೊಸ ಷರತ್ತು ಹಾಕಿದವು. ಗೂಗಲ್ ಲೆಕ್ಕದಲ್ಲಿ ದಿನಕ್ಕೆ 5,000 ಅಥವಾ ಹೆಚ್ಚು ಪತ್ರ ಕಳಿಸುವವರು ದೊಡ್ಡವರು. ಅವರ ಮಾರಾಟದ ಪತ್ರಗಳಲ್ಲಿ ಒಂದೇ ಒತ್ತಿಗೆ ಹೊರಗೆ ಹೋಗುವ ಸೌಲಭ್ಯ ಇರಬೇಕು. ಸ್ಪ್ಯಾಮ್ ಅಂತ ಓದುಗರು ದೂರುವ ಪ್ರಮಾಣ 0.3 ಶೇಕಡಾ ಮುಟ್ಟಬಾರದು. ಸಾವಿರಕ್ಕೆ ಮೂರು ಜನ. ಅದು ದಾಟಿದರೆ ಬೇಕು ಅಂದವರಿಗೂ ಪತ್ರ ಮುಟ್ಟದೆ ಹೋಗಬಹುದು. ವಿ.ಪಿ. ಕಟ್ಟು ವಾಪಸ್ ಬಂದಾಗ ಪ್ರಕಾಶಕರಿಗೆ ಆಗುತ್ತಿದ್ದ ನಷ್ಟ ಬೇರೆ ರೂಪದಲ್ಲಿ ಮರಳಿ ಬಂದಿದೆ. ವ್ಯತ್ಯಾಸವೂ ಉಂಟು: ಅಂದು ನಡುವೆ ಇದ್ದದ್ದು ಸರಕಾರದ ಅಂಚೆ, ಇಂದು ತಾವೇ ಜಾಹೀರಾತಿನಿಂದ ಬದುಕುವ ಕಂಪನಿಗಳು. ಕಾವಲುಗಾರರಿಗೂ ಅಂಗಡಿ ಇದೆ ಎನ್ನುವುದನ್ನು ಮರೆಯಬಾರದು.

ಭಾರತದಲ್ಲಿ ಬೇಡದ ಕರೆ ಮತ್ತು ಎಸ್ಸೆಮ್ಮೆಸ್‌ಗಳಿಗೆ ಟ್ರಾಯ್‌ನ 2018ರ ನಿಯಮಾವಳಿ ಇದೆ. ಇಮೇಲಿಗೆ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನಲ್ಲಿ ಕಿರಿಕಿರಿ ಮಾಡುವ ಇಮೇಲಿನ ಉಲ್ಲೇಖ ಇತ್ತು. ಆದರೆ ಆ ಕಲಮು ಅಭಿಪ್ರಾಯ ಸ್ವಾತಂತ್ರ್ಯಕ್ಕೇ ಕುತ್ತಾಗಿದ್ದರಿಂದ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಸ್ವತಂತ್ರವೂ ನಿರ್ದಿಷ್ಟವೂ ಆಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂದೆ ಪಡೆಯುವಂತಿರಬೇಕು ಎನ್ನುತ್ತದೆ.

ಗಡಿಯಾಚೆಯ ಓದುಗರು

ಈಗ ನಮ್ಮ ವಿಚಾರ ಸಂಕಿರಣದ ವಿಷಯಕ್ಕೆ ಇದು ಹೇಗೆ ತಾಗುತ್ತದೆ ಅಂತ ಹೇಳಬೇಕು.

ನಾನು ಕಾಸರಗೋಡಿನವಳು. 1956ರ ನವೆಂಬರ್ 1ರಿಂದ ನಮ್ಮ ಊರು ಕೇರಳದಲ್ಲಿ ಉಂಟು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ನಮ್ಮ ಭಾಷೆಯ ಪತ್ರ ಎನ್ನುವುದು ಇಲ್ಲಿ ಹಕ್ಕಿನ ವಿಷಯ. ಮಾರುಕಟ್ಟೆಯ ಪತ್ರಕ್ಕೆ ಅಂಥ ಕಟ್ಟಳೆ ಇಲ್ಲ. ಪಿನ್ ಕೋಡ್ ನೋಡಿ ರಾಜ್ಯ, ರಾಜ್ಯ ನೋಡಿ ಭಾಷೆ ಎಂಬ ಲೆಕ್ಕದಲ್ಲಿ ಕಳುಹಿಸಿದರೆ ಬದಿಯಡ್ಕದ ಓದುಗರಿಗೆ ಮಲಯಾಳದ್ದು, ತಾಳವಾಡಿಯವರಿಗೆ ತಮಿಳಿನದ್ದು, ಅಕ್ಕಲಕೋಟೆಯವರಿಗೆ ಮರಾಠಿಯದ್ದು ಬರುತ್ತದೆ. ನಮ್ಮಲ್ಲಿ ಎಷ್ಟೋ ಜನ ಆ ಭಾಷೆಗಳನ್ನೂ ಓದುತ್ತಾರೆ, ಪ್ರೀತಿಯಿಂದಲೇ ಓದುತ್ತಾರೆ, ಪ್ರಶ್ನೆ ಅದಲ್ಲ. ಪತ್ರವನ್ನು ಬರೆದವರು ಓದುವವರನ್ನು ನೋಡಲಿಲ್ಲ, ನಕ್ಷೆಯನ್ನು ನೋಡಿದರು ಎನ್ನುವುದು ಪ್ರಶ್ನೆ.

ಇನ್ನೊಂದು ತುದಿಯಿಂದ ನೋಡಿ. ಕನ್ನಡ ಪುಸ್ತಕದಂಗಡಿ ಹತ್ತಿರದಲ್ಲಿ ಇಲ್ಲದ ಊರಿನ ಕನ್ನಡ ಓದುಗರಿಗೆ, ಶಾಲೆಯ ಕನ್ನಡ ಅಧ್ಯಾಪಕರಿಗೆ, ಚಿಕ್ಕ ಗ್ರಂಥಾಲಯಕ್ಕೆ ಪ್ರಕಾಶಕರೊಬ್ಬರ ಪತ್ರ ಬಂತು ಅಂತ ಇಟ್ಟುಕೊಳ್ಳೋಣ. ಒಂದರ ವಿಷಯದ ಸಾಲು: ‘ರಾಜ್ಯೋತ್ಸವದ ಬಂಪರ್ ರಿಯಾಯಿತಿ, ಇಂದೇ ಕೊನೆ!’ ಇನ್ನೊಂದರದ್ದು: ‘ಮರುಮುದ್ರಣವಾದ ಆರು ಪುಸ್ತಕಗಳು: ಪುಟ, ಬೆಲೆ, ಹೊರರಾಜ್ಯದ ಅಂಚೆ ವೆಚ್ಚ’. ಎರಡೂ ಮಾರಾಟದ ಪತ್ರಗಳೇ. ಎರಡನೆಯದರಲ್ಲಿ ಸಲಹೆ ಇಲ್ಲ, ಲೇಖನ ಇಲ್ಲ, ಎಂಬತ್ತು ಪಾಲಿನ ಉಪಯೋಗ ಅಂತ ತೋರಿಸುವಂಥದ್ದು ಏನೂ ಇಲ್ಲ. ಆದರೆ ಕಾಸರಗೋಡಿಗೋ ಸೊಲ್ಲಾಪುರಕ್ಕೋ ಕಟ್ಟು ಕಳಿಸಲು ಎಷ್ಟು ಖರ್ಚು ಎಂಬುದೇ ಆ ಓದುಗರಿಗೆ ಬೇಕಾಗಿದ್ದ ಮಾಹಿತಿ. ಮೊದಲನೆಯದು ಬೆಂಗಳೂರಿನ ಅಂಗಡಿಯ ರಿಯಾಯಿತಿ ಆಗಿದ್ದರೆ ಹೊಸೂರಿನವರು ಬಸ್ಸು ಹತ್ತಿ ಹೋದಾರು, ಆದವಾನಿಯವರು ಏನು ಮಾಡಬೇಕು?

ಥರ್ಕ್‌ನ ಪತ್ರದಲ್ಲಿ ಕಂಡದ್ದು ಇಲ್ಲಿ ತಿರುಗಿ ಕಾಣುತ್ತದೆ. ಬೇಕಾದವರಿಗೆ ಬೆಲೆಪಟ್ಟಿಯೇ ಉಪಯೋಗದ ಮಾತು. ಬೇಡದವರಿಗೆ ಒಳ್ಳೆಯ ಲೇಖನವೂ ಪೆಟ್ಟಿಗೆ ತುಂಬುವ ಕಸ. ಆದ್ದರಿಂದ ಚದುರಿದ ಕನ್ನಡ ಓದುಗರಿಗೆ ಬರೆಯಬೇಕೆಂದಿರುವ ಪ್ರಕಾಶಕರು, ಪತ್ರಿಕೆಗಳು, ಕನ್ನಡ ಸಂಘಗಳು ಮೊದಲು ಮಾಡಬೇಕಾದ್ದು ಮೂರು ಕೆಲಸ. ಯಾರಿಗೆ ಏನು ಬೇಕು ಅಂತ ಕೇಳಿ ಬರೆದಿಟ್ಟುಕೊಳ್ಳುವುದು. ವಿಷಯದ ಸಾಲಿನಲ್ಲಿ ಒಳಗಿರುವುದನ್ನೇ ಹೇಳುವುದು. ಬೇಡ ಅನ್ನುವ ದಾರಿಯನ್ನು ಕಾಣುವ ಜಾಗದಲ್ಲಿ ಇಡುವುದು. ಮೂರನೆಯದು ನಮ್ಮವರಿಗೆ ಕಷ್ಟ. ಕನ್ನಡದ ಕೆಲಸ ಅಂದ ಮೇಲೆ ಬೇಡ ಅನ್ನುವುದುಂಟಾ ಅಂತ ನಾವು ಕೇಳುತ್ತೇವೆ. ಅಭಿಮಾನದ ಹೆಸರಿನಲ್ಲಿ ಓದುಗರ ಬಾಯಿ ಕಟ್ಟಿದರೆ, ಅವರು ಬೇಡ ಅನ್ನುವುದಿಲ್ಲ, ತೆರೆಯದೆ ಬಿಡುತ್ತಾರೆ. ಅದು ಬರೆದವರಿಗೆ ಗೊತ್ತಾಗುವುದೂ ಇಲ್ಲ.

ಚರ್ಚೆ

ಪ್ರಶ್ನೆ (ಸೊಲ್ಲಾಪುರದ ಅಧ್ಯಾಪಕರು): ನಮ್ಮ ಕಡಿ ಮನಿಮನಿಯೊಳಗ ಕಾಲನಿರ್ಣಯ ಕ್ಯಾಲೆಂಡರ್ ಅದ. ಅದರ ಹಿಂದ ಅಡುಗಿ, ಆರೋಗ್ಯ, ಭವಿಷ್ಯ ಎಲ್ಲಾ ಇರ್ತದ, ಜಾಹೀರಾತೂ ಇರ್ತದ. ಜನ ರೊಕ್ಕಾ ಕೊಟ್ಟು ತಗೋತಾರ. ಅದು ನಿಮ್ಮ ವಾದದಾಗ ಎಲ್ಲಿ ಕೂಡ್ತದ?

ಉತ್ತರ: ಒಳ್ಳೆಯ ಉದಾಹರಣೆ, ಸರ್. 1973ರಲ್ಲಿ ಜಯಂತ ಸಾಳಗಾಂವಕರ್ ಮರಾಠಿಯಲ್ಲಿ ಶುರುಮಾಡಿದ್ದು, ಕನ್ನಡದಲ್ಲೂ ಬರುತ್ತದೆ. ತಿಥಿ, ಹಬ್ಬ, ಏಕಾದಶಿ ನೋಡಲು ಜನ ವರ್ಷವಿಡೀ ಅದರ ಎದುರು ನಿಲ್ಲುತ್ತಾರೆ. ರೊಕ್ಕಾ ಕೊಟ್ಟು ತಗೊಳ್ಳುತ್ತಾರೆ ಅಂತ ನೀವೇ ಹೇಳಿದ್ದೀರಿ, ಅದೇ ಒಪ್ಪಿಗೆ. ಮುಂದಿನ ವರ್ಷ ಕೊಳ್ಳದಿದ್ದರೆ ಅದೇ ‘ಬೇಡ’. ಜಾಹೀರಾತು ಎಷ್ಟಿದ್ದರೂ ತೀರ್ಮಾನ ಗೋಡೆಯ ಯಜಮಾನರದ್ದು.

ಪ್ರಶ್ನೆ (ಸಹಪಾಠಿ): ಸಾವಿರಕ್ಕೆ ಮೂರು ದೂರು ಅನ್ನುವ ಗಡಿ ಸಣ್ಣ ಕನ್ನಡ ಪ್ರಕಾಶಕರಿಗೆ ತೊಂದರೆ ಅಲ್ವಾ? ದೊಡ್ಡ ಕಂಪನಿಗಳು ಹೇಗಾದರೂ ದಾಟಿಕೊಳ್ಳುತ್ತವೆ.

ಉತ್ತರ: ದಿನಕ್ಕೆ 5,000 ಪತ್ರ ಕಳಿಸುವ ಕನ್ನಡ ಪ್ರಕಾಶಕರು ವಿರಳ, ಆದರೆ ದೂರಿನ ಗಡಿಯನ್ನು ಗೂಗಲ್ ಸಣ್ಣವರಿಗೂ ಅನ್ವಯಿಸುತ್ತದೆ. ನಿಮ್ಮ ಮಾತಿನಲ್ಲಿ ಹುರುಳಿದೆ. 300 ಜನರ ಪಟ್ಟಿಯಲ್ಲಿ ಒಬ್ಬರು ಸಿಟ್ಟಿನಿಂದ ಸ್ಪ್ಯಾಮ್ ಒತ್ತಿದರೂ ಪ್ರಮಾಣ ಅಲ್ಲಿಗೆ ಮುಟ್ಟಿತು. ಅದಕ್ಕೇ ‘ಬೇಡ’ ಎಂಬ ಗುಂಡಿ ಸ್ಪ್ಯಾಮ್ ಗುಂಡಿಗಿಂತ ಸುಲಭಕ್ಕೆ ಸಿಗಬೇಕು ಅನ್ನುವುದು. ಸಣ್ಣ ಪಟ್ಟಿಗೆ ಒಂದು ಅನುಕೂಲವೂ ಉಂಟು. 300 ಜನರನ್ನು ಹೆಸರು ಹಿಡಿದು ತಿಳಿದುಕೊಳ್ಳಬಹುದು: ಯಾರು ವಿಮರ್ಶೆ ಓದುತ್ತಾರೆ, ಯಾರಿಗೆ ಮಕ್ಕಳ ಪುಸ್ತಕ ಬೇಕು, ಯಾರು ಶಾಲೆಗಾಗಿ ತರಿಸುತ್ತಾರೆ. ಲಕ್ಷ ಜನರ ಪಟ್ಟಿ ಇಟ್ಟವರು ಯಂತ್ರದಿಂದ ಊಹಿಸುವುದನ್ನು ಇವರು ಒಂದು ಫೋನು ಮಾಡಿ ಕೇಳಬಹುದು. ಇಲ್ಲಿ ಸೇರಿರುವ ನಾವೇ ನಮ್ಮ ನಮ್ಮ ಊರಿನ ಹತ್ತು ಓದುಗರನ್ನು ಹಾಗೆ ಕೇಳಿ ಬರೆದುಕೊಂಡರೆ, ಮುಂದಿನ ಸಂಕಿರಣಕ್ಕೆ ಒಂದು ಪಟ್ಟಿ ಆಗುತ್ತದೆ. ಬೇಡ ಅಂದವರನ್ನೂ ಅದರಲ್ಲಿ ಲೆಕ್ಕಕ್ಕೆ ಹಿಡಿಯೋಣ.